ಬಲಂಗಿಗದ ಮೂರು ಗಂಟೆಗಳು ಮತ್ತು ಆ ಊರಿನ ಮುಖಂಡರು

ಫಿಲಿಪೀನ್ಸ್ ದೇಶದ ನಕ್ಷೆಯಲ್ಲಿ ಪೂರ್ವದ ಅಂಚಿಗೆ ಸಮಾರ್ ಎಂಬ ದ್ವೀಪವಿದೆ. ಆ ದೇಶದ ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳಲ್ಲಿ ಇದು ಮೂರನೆಯ ದೊಡ್ಡದು. ಇದರ ದಕ್ಷಿಣ ತೀರದಲ್ಲಿ, ಒಂದು ಹೊಳೆ ಸಮುದ್ರ ಸೇರುವ ಕಡೆ, ಬಲಂಗಿಗ ಎಂಬ ಸಣ್ಣ ಊರಿದೆ. ಎದುರಿಗೆ ಲೇಟೆ ಕೊಲ್ಲಿ, ಹಿಂದೆ ತೆಂಗಿನ ತೋಟ ಮತ್ತು ಗುಡ್ಡ. ಜನಸಂಖ್ಯೆ ಸುಮಾರು 14 ಸಾವಿರ. ಮೀನು ಹಿಡಿಯುವುದು, ತೆಂಗು ಬೆಳೆಯುವುದು ಅಲ್ಲಿಯ ಕೆಲಸ. ಮಾತು ವಾರಾಯ್ ಭಾಷೆ.

ಇಷ್ಟು ಸಣ್ಣ ಊರಿನ ಹೆಸರು ಅಮೆರಿಕದ ಸಂಸತ್ತಿನವರೆಗೂ ಹೋಗಿದೆ. ಮೂರು ಚರ್ಚ್ ಗಂಟೆಗಳಿಗಾಗಿ ಎರಡು ದೇಶಗಳ ನಡುವೆ ದಶಕಗಳ ಕಾಲ ಜಗಳ ನಡೆದಿದೆ. ಗಂಟೆಗಳ ಕಥೆ ಎಲ್ಲ ಕಡೆ ಸಿಗುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಬೇರೆ. ದೊಡ್ಡ ಸೈನ್ಯವೊಂದು ಬಂದು ಊರಿನ ನಡುವೆ ಬಿಡಾರ ಹೂಡಿದಾಗ ಊರಿನ ಅಧ್ಯಕ್ಷ, ಪೊಲೀಸ್ ಮುಖ್ಯಸ್ಥ, ಪಾದ್ರಿ ಇವರೆಲ್ಲ ಏನು ಮಾಡಬೇಕು? ಅವರು ಮಾಡಿದ್ದೇನು? ಇಂದು ಅದೇ ಊರನ್ನು ಯಾರು, ಹೇಗೆ ನಡೆಸುತ್ತಾರೆ? ಈ ಲೇಖನದಲ್ಲಿ ಇವನ್ನೇ ಹೇಳಲು ಹೊರಟಿದ್ದೇನೆ.

ಮೊದಲು ಹಳೆಯ ವ್ಯವಸ್ಥೆ. ಸ್ಪೇನಿನವರು ಬರುವ ಮುಂಚೆ ಅಲ್ಲಿಯ ಜನ ಸಣ್ಣ ಸಣ್ಣ ಗುಂಪುಗಳಾಗಿ ಬದುಕುತ್ತಿದ್ದರು. ಗುಂಪಿಗೆ ಬರಾಂಗಾಯ್ ಎಂದು ಹೆಸರು. ಈ ಪದ ಬಂದದ್ದು ಬಲಾಂಗಾಯ್ ಎಂಬ ದೋಣಿಯ ಹೆಸರಿನಿಂದ ಎನ್ನುತ್ತಾರೆ. ದ್ವೀಪಗಳ ದೇಶದಲ್ಲಿ ಒಂದು ಸಮುದಾಯಕ್ಕೆ ದೋಣಿಯ ಹೆಸರು ಬಂದರೆ ಆಶ್ಚರ್ಯವೇನಿಲ್ಲ. 1521ರಲ್ಲಿ ಮೆಗೆಲನ್ ಮೊದಲು ಕಂಡ ಫಿಲಿಪೀನ್ಸ್ ನೆಲ ಇದೇ ಸಮಾರ್. ಆದರೆ ಸ್ಪೇನಿನ ಆಳ್ವಿಕೆ ನಿಜವಾಗಿ ಶುರುವಾದದ್ದು 1565ರ ನಂತರ. ಅವರು ಬರಾಂಗಾಯ್‌ಗಳನ್ನು ಅಳಿಸಲಿಲ್ಲ, ಮುಖ್ಯಸ್ಥನನ್ನು ತಮ್ಮ ತೆರಿಗೆ ವಸೂಲಿಗಾರನನ್ನಾಗಿ ಮಾಡಿಕೊಂಡರು. ಅವರ ಮೇಲೆ ಊರಿಗೊಬ್ಬ ಗೊಬೆರ್ನದೊರ್ಸಿಯೊ. ಆ ಪದದ ಅರ್ಥವೇ ಚಿಕ್ಕ ಗವರ್ನರ್. ಊರನ್ನು ಆಳುವುದು ಸ್ಥಳೀಯರೇ, ಆದರೆ ಅವರ ಹೆಗಲ ಮೇಲೆ ಪಾದ್ರಿಯ ಕೈ, ಪಾದ್ರಿಯ ಮೇಲೆ ದೂರದ ಮನಿಲಾ. ಚರ್ಚು, ಅದರ ಮುಂದೆ ಚೌಕ, ಚೌಕದ ಇನ್ನೊಂದು ಬದಿಗೆ ಊರಿನ ಕಚೇರಿ, ಸುತ್ತ ಅನುಕೂಲಸ್ಥರ ಮನೆಗಳು. ಇಂದಿಗೂ ಹಳೆಯ ಫಿಲಿಪೀನ್ ಊರುಗಳ ನಕ್ಷೆ ಹೀಗೆಯೇ.

ಇಲ್ಲಿ ಉರ್ದು ಮನೆಯಿಂದ ಬಂದ ನನಗೆ ಖುಷಿ ಕೊಟ್ಟ ಒಂದು ಸಂಗತಿ. ಫಿಲಿಪೀನ್ಸಿನಲ್ಲಿ ಮೇಯರ್‌ಗೆ ಅಲ್ಕಾಲ್ದೆ ಎನ್ನುವುದೂ ಉಂಟು. ಅದು ಸ್ಪ್ಯಾನಿಷ್ ಪದ. ಸ್ಪೇನಿಗೆ ಅದು ಬಂದದ್ದು ಅರಬ್ಬಿಯ ಅಲ್-ಖಾಜಿಯಿಂದ. ನಮ್ಮ ಮದುವೆಗೆ ನಿಕಾಹ್ ಓದಿಸುವ ಖಾಜಿ ಸಾಹೇಬರೂ ಸಮಾರ್ ದ್ವೀಪದ ಮೇಯರೂ ಪದದ ಲೆಕ್ಕದಲ್ಲಿ ಒಂದೇ ಮನೆಯವರು! ಧನ್ಯವಾದಕ್ಕೆ ಅವರು ಹೇಳುವುದು ಸಲಾಮತ್. ಅದೂ ಅರಬ್ಬಿಯಿಂದ ಮಲಯ ಭಾಷೆಯ ಮೂಲಕ ಸಮುದ್ರ ದಾಟಿದ ಪದ. ನಮ್ಮ ಮನೆಯಲ್ಲಿ ದೊಡ್ಡವರು ಸಲಾಮತ್ ರಹೋ ಎನ್ನುವಾಗ ಇದೇ ಪದ.

ಆದರೆ ಅದೇ ಇತಿಹಾಸದಲ್ಲಿ ಅಷ್ಟು ಖುಷಿ ಕೊಡದ ಪುಟವೂ ಇದೆ. ಸಮಾರಿನ ಕರಾವಳಿಯ ಊರುಗಳು ಶತಮಾನಗಳ ಕಾಲ ಹೆದರಿದ್ದು ದಕ್ಷಿಣದ ಮಿಂಡನಾವೊ ಮತ್ತು ಸುಲು ಕಡೆಯಿಂದ ದೋಣಿಗಳಲ್ಲಿ ಬರುವ ದಾಳಿಕೋರರಿಗೆ. ಅವರು ಮುಸ್ಲಿಮರು. ಜನರನ್ನು ಹಿಡಿದು ಗುಲಾಮರಾಗಿ ಮಾರುತ್ತಿದ್ದರು. ಸ್ಪೇನಿನವರು ತಮ್ಮ ದೇಶದ ಮುಸ್ಲಿಮರಿಗೆ ಇಟ್ಟಿದ್ದ ಮೊರೊ ಎಂಬ ಹೆಸರನ್ನೇ ಇವರಿಗೂ ಇಟ್ಟರು. ಸುಲು ಮತ್ತು ಮಗಿಂದನಾವೊ ಸುಲ್ತಾನರಿಗೂ ಸ್ಪೇನಿಗೂ ನಡೆದ ದೀರ್ಘ ಯುದ್ಧದ ಭಾಗ ಅದು ಎಂದು ಹೇಳಬಹುದು, ಅದು ಸರಿಯೂ ಹೌದು. ಆದರೆ ಹಿಡಿದೊಯ್ಯಲ್ಪಟ್ಟ ಮೀನುಗಾರನ ಮನೆಯವರಿಗೆ ಆ ವಿವರಣೆಯಿಂದ ಏನೂ ಸಿಗುವುದಿಲ್ಲ. ಕಡಲಿನ ಕಡೆ ಕಾವಲು ಗೋಪುರಗಳು ಎದ್ದವು, ಚರ್ಚುಗಳಿಗೆ ಕೋಟೆಯಂಥ ಗೋಡೆಗಳು ಬಂದವು. ದೋಣಿ ಕಂಡರೆ ಚರ್ಚಿನ ಗಂಟೆ ಬಾರಿಸುತ್ತಿದ್ದರು. ಗಂಟೆ ಎಂದರೆ ಪ್ರಾರ್ಥನೆಯ ಕರೆ ಮಾತ್ರವಲ್ಲ, ಊರಿನ ಅಪಾಯದ ಕೂಗು ಕೂಡ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ.

1898ರಲ್ಲಿ ಸ್ಪೇನ್ ಅಮೆರಿಕದ ಜೊತೆ ಯುದ್ಧದಲ್ಲಿ ಸೋತಿತು. ಆ ವರ್ಷ ಜೂನ್ 12ರಂದು ಫಿಲಿಪೀನ್ಸಿನ ನಾಯಕ ಎಮಿಲಿಯೊ ಅಗಿನಾಲ್ದೊ ಸ್ವಾತಂತ್ರ್ಯ ಘೋಷಿಸಿದರು. ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಒಪ್ಪಂದವಾಯಿತು. ಸ್ಪೇನ್ ಇಡೀ ದೇಶವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು, ಅಮೆರಿಕ 2 ಕೋಟಿ ಡಾಲರ್ ಕೊಟ್ಟಿತು. ಆಗ ಮಾತುಕತೆಯ ಮೇಜಿನಲ್ಲಿ ಒಬ್ಬ ಫಿಲಿಪಿನೊ ಕೂಡ ಇರಲಿಲ್ಲ. ಕರಾರು ಸಿಂಧುವಾಗಬೇಕಾದರೆ ಒಪ್ಪಿಗೆ ಸ್ವತಂತ್ರವಾಗಿರಬೇಕು ಎಂದು ವಾಣಿಜ್ಯ ವಿದ್ಯಾರ್ಥಿಗಳು ಓದುತ್ತೇವೆ. ಇಲ್ಲಿ ಮಾರಾಟವಾದವರ ಒಪ್ಪಿಗೆಯನ್ನು ಯಾರೂ ಕೇಳಲೇ ಇಲ್ಲ. 1899ರ ಫೆಬ್ರವರಿಯಲ್ಲಿ ಯುದ್ಧ ಶುರುವಾಯಿತು.

ಸಮಾರಿನಲ್ಲಿ ಅಗಿನಾಲ್ದೊ ಪರವಾಗಿ ಹೋರಾಟ ನಡೆಸುತ್ತಿದ್ದವರು ಜನರಲ್ ವಿಸೆಂಟೆ ಲುಕ್ಬಾನ್. ದ್ವೀಪದ ಮುಖ್ಯ ವ್ಯಾಪಾರ ಅಬಾಕಾ. ಇದು ಬಾಳೆಯ ಜಾತಿಯ ಗಿಡ, ಬೆಳೆಯುವುದು ಹಣ್ಣಿಗಲ್ಲ, ನಾರಿಗೆ. ಉಪ್ಪುನೀರಿಗೆ ಕೊಳೆಯದ ಈ ನಾರಿನಿಂದ ಜಗತ್ತಿನ ಹಡಗುಗಳಿಗೆ ಹಗ್ಗ ಮಾಡುತ್ತಿದ್ದರು. ಇದನ್ನು ಮಾರಿದ ಹಣ ಹೋರಾಟಗಾರರಿಗೆ ಹೋಗುತ್ತದೆ ಎಂದು ಅಮೆರಿಕದ ಸೈನ್ಯ ಬಂದರುಗಳನ್ನು ಮುಚ್ಚಿಸಿತು. ಹೊರಗಿನಿಂದ ಬರುವ ಅಕ್ಕಿಯೂ ನಿಂತಿತು. ಯುದ್ಧ ಊರಿನ ಅಂಗಡಿಯಿಂದಲೇ ಶುರುವಾಗುತ್ತದೆ ಎನ್ನುವುದು ಹೀಗೆ.

ಆಗ ಬಲಂಗಿಗದ ಅಧ್ಯಕ್ಷರು ಪೆದ್ರೊ ಅಬಾಯನ್. 1901ರ ಮೇ 30ರ ದಿನಾಂಕ ಹಾಕಿ ಅವರು ಲುಕ್ಬಾನ್‌ಗೆ ಬರೆದ ಪತ್ರ ನಂತರ ಅಮೆರಿಕನ್ನರ ಕೈಗೆ ಸಿಕ್ಕಿತು. ಅದರ ಸಾರ ಇಷ್ಟು: ವೈರಿ ಊರಿಗೆ ಬಂದರೆ ಮೇಲ್ನೋಟಕ್ಕೆ ಸ್ನೇಹದಿಂದ ಇರುತ್ತೇವೆ, ಸಮಯ ಬಂದಾಗ ಎದ್ದು ನಿಲ್ಲುತ್ತೇವೆ. ಹತ್ತು ವಾರ ಕಳೆದು, ಆಗಸ್ಟ್ 11ರಂದು, ಅಮೆರಿಕದ 9ನೇ ಪದಾತಿ ದಳದ ಸಿ ಕಂಪನಿಯ 74 ಜನ ಬಂದಿಳಿದರು. ನಾಯಕ ಕ್ಯಾಪ್ಟನ್ ಥಾಮಸ್ ಕಾನೆಲ್. ಪಾದ್ರಿ ದೊನಾತೊ ಗಿಂಬಾವೊಲಿಬೊತ್.

ಮೊದಲ ಕೆಲವು ವಾರ ಸುಮ್ಮನೆ ಕಳೆದವು. ಆಮೇಲೆ ಕೆಟ್ಟಿತು. ಉನ್ನತ ಅಧಿಕಾರಿಗಳು ನೋಡಲು ಬರುತ್ತಾರೆ ಎಂದು ಊರನ್ನು ಸ್ವಚ್ಛ ಮಾಡಿಸಲು ಕಾನೆಲ್ ಹೊರಟರು. ಗಂಡಸರನ್ನು ಬಲವಂತವಾಗಿ ಹಿಡಿದು ತಂದರು. ತಲಾ 16 ಜನರಿಗೆಂದು ಮಾಡಿದ ಎರಡು ಡೇರೆಗಳಲ್ಲಿ ಸುಮಾರು 80 ಜನರನ್ನು ರಾತ್ರಿಯಿಡೀ ತುಂಬಿದರು. ಮನೆಗಳಿಂದ ಬೊಲೊ ಎಂಬ ಮಚ್ಚುಗಳನ್ನೂ ಅಕ್ಕಿಯನ್ನೂ ಕಿತ್ತುಕೊಂಡರು. ಬೊಲೊ ಎಂದರೆ ಆಯುಧ ಮಾತ್ರವಲ್ಲ, ತೆಂಗಿನಕಾಯಿ ಸುಲಿಯುವುದರಿಂದ ಸೌದೆ ಕಡಿಯುವವರೆಗೆ ಅದೇ ಬೇಕು. ಊರಿಗೆ ಒಂದೇ ದಿನ ಮಾನ, ಅನ್ನ, ಕೆಲಸದ ಸಲಕರಣೆ ಮೂರೂ ಹೋದವು.

ಪೊಲೀಸ್ ಮುಖ್ಯಸ್ಥ ವಲೇರಿಯಾನೊ ಅಬನದೋರ್ ದಿನವೂ ಸೈನಿಕರ ಜೊತೆ ಓಡಾಡುತ್ತಿದ್ದವರು, ಕೋಲು ಕಾಳಗದಲ್ಲಿ ನುರಿತವರು. ಅಬಾಯನ್, ಅಬನದೋರ್ ಮತ್ತು ಲುಕ್ಬಾನ್ ಪಡೆಯ ಅಧಿಕಾರಿ ಯುಹೆನಿಯೊ ದಾಸಾ ಸೇರಿ ಯೋಜನೆ ಹಾಕಿದರು. ಎಲ್ಲವೂ ಲುಕ್ಬಾನ್ ಅವರ ಆದೇಶ ಎಂದು ಹಿಂದೆ ಬರೆಯುತ್ತಿದ್ದರು. ರೊಲಾಂದೊ ಬೊರ್ರಿನಾಗ ಎಂಬ ಫಿಲಿಪೀನ್ ಇತಿಹಾಸಕಾರರು ದಾಖಲೆಗಳನ್ನು ಹುಡುಕಿ, ಇದು ಮುಖ್ಯವಾಗಿ ಊರಿನವರೇ ಮಾಡಿದ ತೀರ್ಮಾನ ಎಂದು ವಾದಿಸಿದ್ದಾರೆ. ನನಗೆ ಈ ವಾದ ಒಪ್ಪಿಗೆಯಾಗುತ್ತದೆ. ಸಣ್ಣ ಊರಿನ ಜನಕ್ಕೆ ತಾವಾಗಿಯೇ ಏನನ್ನೂ ನಿರ್ಧರಿಸಲು ಬಾರದು, ಹಿಂದೆ ಯಾರೋ ದೊಡ್ಡವರು ಇರಲೇಬೇಕು ಎಂದುಕೊಳ್ಳುವುದು ದೊಡ್ಡವರ ಅಭ್ಯಾಸ.

ಪಾದ್ರಿ ದಾಳಿಯ ಮುಂಚೆಯೇ ಊರು ಬಿಟ್ಟಿದ್ದರು. ಹೆಂಗಸರು ಮಕ್ಕಳನ್ನು ರಾತ್ರಿ ಸದ್ದಿಲ್ಲದೆ ಸಾಗಿಸಿದರು. ಕೆಲವು ಗಂಡಸರು ಹೆಂಗಸರ ಉಡುಪು ತೊಟ್ಟು, ಸಣ್ಣ ಶವಪೆಟ್ಟಿಗೆ ಹೊತ್ತು ಚರ್ಚಿಗೆ ಬಂದರು. ಕಾಲರಾದಿಂದ ಸತ್ತ ಮಕ್ಕಳು ಎಂದು ಕಾವಲುಗಾರರಿಗೆ ಹೇಳಿದರು. ಪೆಟ್ಟಿಗೆಗಳಲ್ಲಿ ಬೊಲೊಗಳಿದ್ದವು ಎನ್ನುವುದು ಎಲ್ಲರೂ ಹೇಳುವ ಕಥೆ. ಈ ಕೆಲಸದಲ್ಲಿ ಹೆಸರು ಉಳಿದಿರುವ ಏಕೈಕ ಹೆಂಗಸು ಕಸಿಯಾನಾ ನಸಿಯೊನಾಲೆಸ್.

1901ರ ಸೆಪ್ಟೆಂಬರ್ 28. ಬೆಳಿಗ್ಗೆ ಸೈನಿಕರು ಬಂದೂಕು ಬಿಟ್ಟು ತಿಂಡಿಗೆ ಕೂತಿದ್ದರು. ಅಬನದೋರ್ ಕಾವಲಿನಲ್ಲಿದ್ದ ಅಡಾಲ್ಫ್ ಗ್ಯಾಮ್ಲಿನ್ ಎಂಬ ಸೈನಿಕನ ಹಿಂದಿನಿಂದ ಬಂದು, ಅವನ ಬಂದೂಕು ಕಿತ್ತು, ಅದರಿಂದಲೇ ಹೊಡೆದು ಬೀಳಿಸಿ ಕೂಗು ಹಾಕಿದರು. ಚರ್ಚಿನ ಗಂಟೆ ಬಾರಿಸಿತು. ಸುಮಾರು 500 ಜನ ಮೇಲೆ ಬಿದ್ದರು. 74 ಜನರಲ್ಲಿ ಕಾನೆಲ್ ಸೇರಿ 48 ಮಂದಿ ಸತ್ತರು. ಉಳಿದ 26 ಜನರಲ್ಲಿ ಗಾಯವಿಲ್ಲದವರು ನಾಲ್ವರು ಮಾತ್ರ. ಅವರು ದೋಣಿಯಲ್ಲಿ ಪಶ್ಚಿಮಕ್ಕೆ, ಬಾಸೆಯ್ ಎಂಬ ಊರಿನ ಸೈನಿಕ ಶಿಬಿರದ ಕಡೆ ತಪ್ಪಿಸಿಕೊಂಡರು. ಸತ್ತ ಊರಿನವರು ಸುಮಾರು 28 ಎಂದು ಬೊರ್ರಿನಾಗ ಲೆಕ್ಕ ಹಾಕಿದ್ದಾರೆ.

ತಿಂಡಿ ತಿನ್ನುತ್ತಿದ್ದವರನ್ನು ಮಚ್ಚಿನಿಂದ ಕೊಂದದ್ದನ್ನು ಓದುವುದು ಸುಲಭವಲ್ಲ. ಅವರಲ್ಲಿ ನಮಗಿಂತ ಎರಡು ಮೂರು ವರ್ಷ ದೊಡ್ಡವರಾದ ಹುಡುಗರೂ ಇದ್ದಿರಬೇಕು. ಅಮೆರಿಕದಲ್ಲಿ ಇದನ್ನು ಹತ್ಯಾಕಾಂಡ ಎಂದೇ ಕರೆದರು. ಫಿಲಿಪೀನ್ಸ್ 1989ರಲ್ಲಿ ಕಾಯ್ದೆ ಮಾಡಿ ಸೆಪ್ಟೆಂಬರ್ 28ನ್ನು ಪೂರ್ವ ಸಮಾರ್ ಪ್ರಾಂತ್ಯಕ್ಕೆ ರಜಾದಿನವೆಂದು ಘೋಷಿಸಿತು. ಅದರಲ್ಲಿ ಬಳಸಿದ ಪದ ಗೆಲುವು ಎಂದೂ ಅಲ್ಲ, ಹತ್ಯಾಕಾಂಡ ಎಂದೂ ಅಲ್ಲ. ಬಲಂಗಿಗ ಮುಖಾಮುಖಿ ಎಂಬ ಅರ್ಥದ ಪದ. ಆ ಕಾಯ್ದೆ ಬರೆದವರು ಪದವನ್ನು ತೂಕ ಮಾಡಿ ಇಟ್ಟಿದ್ದಾರೆ ಅನ್ನಿಸುತ್ತದೆ.

ಅಬಾಯನ್ ಮೋಸ ಮಾಡಿದರೇ? ಸ್ನೇಹ ನಟಿಸಿದ್ದು ನಿಜ, ಪತ್ರವೇ ಸಾಕ್ಷಿ. ಆದರೆ ಅವರ ಬಳಿ ಇನ್ನೇನಿತ್ತು? ಅರ್ಜಿ ಕೊಡಲು ಕಚೇರಿ ಇರಲಿಲ್ಲ, ಹೋಗಲು ನ್ಯಾಯಾಲಯ ಇರಲಿಲ್ಲ, ದೂರು ಕೇಳಬೇಕಾದವನೇ ಅಕ್ಕಿ ಕಿತ್ತುಕೊಂಡಿದ್ದ. ಒಬ್ಬ ಅಧ್ಯಕ್ಷ ತನ್ನ ಜನರ ಪರ ನಿಂತದ್ದನ್ನು ನಾನು ತಪ್ಪೆನ್ನಲಾರೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ತೀರ್ಮಾನದ ಬೆಲೆಯನ್ನು ಕೊಟ್ಟವರು ಬಲಂಗಿಗದವರು ಮಾತ್ರವಲ್ಲ. ಸಮಾರಿನ ಉಳಿದ ಊರುಗಳ ಜನರನ್ನು ಯಾರೂ ಕೇಳಿರಲಿಲ್ಲ.

ಮರುದಿನವೇ ಬೇರೆ ತುಕಡಿ ಬಂದು ಊರಿಗೆ ಬೆಂಕಿ ಇಟ್ಟಿತು. ಸೇಡಿನ ಕೆಲಸಕ್ಕೆ ಬಂದ ಜನರಲ್ ಜೇಕಬ್ ಸ್ಮಿತ್ ತಮ್ಮ ಕೈಕೆಳಗಿನ ಮೇಜರ್ ಲಿಟಲ್‌ಟನ್ ವಾಲರ್‌ಗೆ ಕೊಟ್ಟ ಬಾಯಿಮಾತಿನ ಆದೇಶ ಇಂದಿಗೂ ಕುಖ್ಯಾತ. ಕೈದಿಗಳು ಬೇಡ, ಸುಡಬೇಕು, ಕೊಲ್ಲಬೇಕು. ಯಾವ ವಯಸ್ಸಿನಿಂದ ಎಂದು ಕೇಳಿದಾಗ ಬಂದ ಉತ್ತರ ಹತ್ತು ವರ್ಷ. ವಾಲರ್ ಆ ಆದೇಶವನ್ನು ಅಕ್ಷರಶಃ ಪಾಲಿಸಲಿಲ್ಲ. ಆದರೂ ಹಳ್ಳಿಗಳು ಸುಟ್ಟವು, ದವಸ ಸುಟ್ಟಿತು, ಜನ ಕಾಡಿಗೆ ಓಡಿದರು. ಎಷ್ಟು ಜನ ಸತ್ತರು ಎಂಬುದರಲ್ಲಿ ಇತಿಹಾಸಕಾರರಿಗೆ ಇಂದಿಗೂ ಒಮ್ಮತವಿಲ್ಲ. ಕೊಂದವರ ಕಡೆ ಸತ್ತವರ ಲೆಕ್ಕ ಹೆಸರು ಸಮೇತ ಇದೆ. ಈ ಕಡೆ ಪುಸ್ತಕ ಬರೆದಿಡುವ ಕಚೇರಿಯೇ ಬೂದಿಯಾಗಿತ್ತು. 1902ರ ಫೆಬ್ರವರಿಯಲ್ಲಿ ಲುಕ್ಬಾನ್ ಸೆರೆಸಿಕ್ಕರು. ಸ್ಥಳೀಯ ಕೂಲಿಗಳನ್ನು ಗುಂಡಿಕ್ಕಿಸಿದ ಆರೋಪದಲ್ಲಿ ವಾಲರ್ ಮೇಲೆ ಸೈನಿಕ ವಿಚಾರಣೆ ನಡೆದು ಬಿಡುಗಡೆಯಾಯಿತು. ಆ ವಿಚಾರಣೆಯಲ್ಲೇ ಸ್ಮಿತ್ ಆದೇಶ ಹೊರಬಿದ್ದು ಅಮೆರಿಕದ ಪತ್ರಿಕೆಗಳಲ್ಲಿ ಗಲಾಟೆಯಾಯಿತು. ಸ್ಮಿತ್‌ಗೆ ಸಿಕ್ಕ ಶಿಕ್ಷೆ ಒಂದು ವಾಗ್ದಂಡನೆ. ಆಮೇಲೆ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ನಿವೃತ್ತಿ ಮಾಡಿಸಿದರು, ಅಷ್ಟೆ.

ಚರ್ಚಿನ ಮೂರು ಗಂಟೆಗಳನ್ನು ಸೈನಿಕರು ಗೆದ್ದ ವಸ್ತುಗಳಂತೆ ಹೊತ್ತೊಯ್ದರು. ಎರಡು ಅಮೆರಿಕದ ವಯೋಮಿಂಗ್ ರಾಜ್ಯದ ಸೈನಿಕ ನೆಲೆಗೆ ಹೋದವು. ಚಿಕ್ಕದೊಂದು 9ನೇ ದಳದ ಜೊತೆ ಉಳಿದು ಕೊನೆಗೆ ದಕ್ಷಿಣ ಕೊರಿಯಾದ ಅವರ ನೆಲೆಯಲ್ಲಿತ್ತು. ಊರಿನವರು, ಚರ್ಚಿನವರು, ಸರ್ಕಾರ ಎಲ್ಲರೂ ದಶಕಗಳ ಕಾಲ ಕೇಳಿದರು. ಅವು ನಮ್ಮ ಸತ್ತ ಸೈನಿಕರ ಸ್ಮಾರಕ ಎಂದು ಅಲ್ಲಿಯ ಮಾಜಿ ಸೈನಿಕರ ಸಂಘಟನೆಗಳಲ್ಲಿ ಹಲವರು ಒಪ್ಪಲಿಲ್ಲ. ಸ್ಮಾರಕಗಳನ್ನು ಹೊರದೇಶಕ್ಕೆ ಕೊಡದಂತೆ ಕಾನೂನೇ ಅಡ್ಡ ಬಂದಿತ್ತು. ಆದರೆ ಎಲ್ಲ ಅಮೆರಿಕನ್ನರೂ ಒಂದೇ ತರಹ ಇರಲಿಲ್ಲ. ಏಟು ತಿಂದೂ ಬದುಕಿ ಉಳಿದ ಕಾವಲುಗಾರ ಗ್ಯಾಮ್ಲಿನ್ ಅವರ ಮಗಳು ಮುಂದೆ ಬೊರ್ರಿನಾಗ ಅವರ ಸಂಶೋಧನೆಯಲ್ಲಿ ಕೈಜೋಡಿಸಿದರು. ತಂದೆಗೆ ಹೊಡೆದ ಊರಿನ ಪಾಲಿನ ಸತ್ಯವನ್ನೂ ತಿಳಿಯಲು ಹೊರಟ ಆ ಮಗಳ ಬಗ್ಗೆ ನನಗೆ ಗೌರವವಿದೆ.

2017ರಲ್ಲಿ ಅಧ್ಯಕ್ಷ ದುತೆರ್ತೆ ತಮ್ಮ ವಾರ್ಷಿಕ ಭಾಷಣದಲ್ಲೇ ಗಂಟೆ ಕೊಡಿ ಎಂದು ಕೇಳಿದರು. ಆಮೇಲೆ ಕಾನೂನಿನ ಅಡ್ಡಿ ಸಡಿಲವಾಯಿತು. 2018ರ ಡಿಸೆಂಬರ್ 11ರಂದು ಸೈನಿಕ ವಿಮಾನದಲ್ಲಿ ಗಂಟೆಗಳು ಮನಿಲಾಕ್ಕೆ ಬಂದವು. 15ರಂದು ಬಲಂಗಿಗಕ್ಕೆ. 117 ವರ್ಷಗಳ ನಂತರ ಅದೇ ಊರಿನಲ್ಲಿ ಅವು ಮತ್ತೆ ಬಾರಿಸಿದವು.

ಇನ್ನು ಇಂದಿನ ಆಡಳಿತ. 1965ರಲ್ಲಿ ಸಮಾರ್ ದ್ವೀಪವನ್ನು ಮೂರು ಪ್ರಾಂತ್ಯ ಮಾಡಿದಾಗ ಬಲಂಗಿಗ ಪೂರ್ವ ಸಮಾರಿಗೆ ಸೇರಿತು. ಊರಿನ ಕೆಳಗೆ 13 ಬರಾಂಗಾಯ್‌ಗಳಿವೆ. ಹಳೆಯ ದೋಣಿಯ ಹೆಸರು ಈಗ ಅತಿ ಕೆಳಗಿನ ಸರ್ಕಾರಿ ಘಟಕದ ಹೆಸರು. ನಮ್ಮಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ. ಅಲ್ಲಿ ಬರಾಂಗಾಯ್ ಮುಖ್ಯಸ್ಥರನ್ನೂ ಊರಿನ ಮೇಯರನ್ನೂ ಜನರೇ ನೇರವಾಗಿ ಆರಿಸುತ್ತಾರೆ. ಮೇಯರ್, ಉಪಮೇಯರ್, ಎಂಟು ಜನ ಸದಸ್ಯರು. ಅವಧಿ ಮೂರು ವರ್ಷ. ಸತತ ಮೂರು ಅವಧಿಗಿಂತ ಹೆಚ್ಚು ಒಬ್ಬರೇ ಕೂರುವಂತಿಲ್ಲ. ಆದ್ದರಿಂದ ಎಷ್ಟೋ ಊರುಗಳಲ್ಲಿ ಗಂಡನ ನಂತರ ಹೆಂಡತಿ, ಅಪ್ಪನ ನಂತರ ಮಗ! 1987ರ ಸಂವಿಧಾನ ರಾಜಕೀಯ ವಂಶಗಳನ್ನು ನಿಷೇಧಿಸಿ, ವಂಶ ಎಂದರೇನು ಎಂಬುದನ್ನು ಸಂಸತ್ತು ಕಾನೂನು ಮಾಡಿ ಹೇಳಲಿ ಎಂದು ಬಿಟ್ಟಿತು. ಮೂವತ್ತು ವರ್ಷ ದಾಟಿದರೂ ಸಂಸತ್ತಿನಲ್ಲಿ ಕೂತ ವಂಶಗಳು ಆ ಕಾನೂನು ಮಾಡಲಿಲ್ಲ.

ಹಣ ಎಲ್ಲಿಂದ ಬರುತ್ತದೆ? 1991ರ ಸ್ಥಳೀಯ ಸರ್ಕಾರ ಸಂಹಿತೆಯ ಪ್ರಕಾರ ರಾಷ್ಟ್ರೀಯ ತೆರಿಗೆಯ ಶೇ. 40 ಭಾಗ ಸ್ಥಳೀಯ ಸರ್ಕಾರಗಳಿಗೆ. ಅದರಲ್ಲಿ ಪ್ರಾಂತ್ಯಗಳಿಗೆ ಶೇ. 23, ನಗರಗಳಿಗೆ 23, ಬಲಂಗಿಗದಂಥ ಊರುಗಳಿಗೆ 34, ಬರಾಂಗಾಯ್‌ಗಳಿಗೆ 20. ಊರುಗಳ ಪಾಲನ್ನು ಹಂಚುವಾಗ ಅರ್ಧ ಜನಸಂಖ್ಯೆ ನೋಡಿ, ಕಾಲು ಭಾಗ ವಿಸ್ತೀರ್ಣ ನೋಡಿ, ಕಾಲು ಭಾಗ ಎಲ್ಲರಿಗೂ ಸಮನಾಗಿ. ಸಣ್ಣ ಊರುಗಳು ಬದುಕಿರುವುದು ಆ ಕೊನೆಯ ಕಾಲು ಭಾಗದಿಂದ ಎಂದರೂ ತಪ್ಪಿಲ್ಲ. ಸ್ವಂತ ತೆರಿಗೆ ಹಾಕಲು ಅಲ್ಲಿ ದೊಡ್ಡ ಅಂಗಡಿ ಕಾರ್ಖಾನೆಗಳಿಲ್ಲ.

ಈ ಮುಖಂಡರಿಗೆ ಕಠಿಣ ಪರೀಕ್ಷೆ ಬಂದದ್ದು 2013ರ ನವೆಂಬರ್ 8ರಂದು. ಅಲ್ಲಿಯವರು ಯೊಲಾಂದಾ ಎನ್ನುವ ಹೈಯಾನ್ ಚಂಡಮಾರುತ ಮೊದಲು ನೆಲ ಮುಟ್ಟಿದ್ದು ಬಲಂಗಿಗದ ಪೂರ್ವಕ್ಕಿರುವ ಗಿವಾನ್‌ನಲ್ಲಿ. ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತ್ತು. ಆದರೆ ಅದು ಬಂದದ್ದು ಸ್ಟಾರ್ಮ್ ಸರ್ಜ್ ಎಂಬ ಇಂಗ್ಲಿಷ್ ಪದದಲ್ಲಿ. ಕಡಲೇ ಎದ್ದು ಊರೊಳಗೆ ಬರುತ್ತದೆ ಎಂದು ಅದರ ಅರ್ಥ ಎಂಬುದು ಲೇಟೆ ಕೊಲ್ಲಿಯ ತೀರದಲ್ಲಿ ಅನೇಕರಿಗೆ ಗೊತ್ತಾಗಲಿಲ್ಲ. ಸುನಾಮಿ ಎಂದಿದ್ದರೆ ಓಡುತ್ತಿದ್ದೆವು ಎಂದು ಬದುಕುಳಿದವರು ಆಮೇಲೆ ಹೇಳಿದರು. ದೋಣಿ ಕಂಡರೆ ಬಾರಿಸುತ್ತಿದ್ದ ಗಂಟೆಯ ಅರ್ಥ ಮಾತ್ರ ಮೂರು ವರ್ಷದ ಮಗುವಿಗೂ ಗೊತ್ತಿತ್ತು.

ನಮ್ಮ ವಯಸ್ಸಿನವರಿಗೆ ಹೆಚ್ಚು ರುಚಿಸುವ ಸಂಗತಿ ಕೊನೆಗೆ ಇಟ್ಟುಕೊಂಡಿದ್ದೇನೆ. ಪ್ರತಿ ಬರಾಂಗಾಯ್‌ನಲ್ಲೂ ಸಂಗ್ಗುನಿಯಾಂಗ್ ಕಬತಾನ್ ಎಂಬ ಯುವ ಮಂಡಳಿ ಇದೆ. ಅದಕ್ಕೆ ಚುನಾವಣೆಯೇ ನಡೆಯುತ್ತದೆ. ಮತದಾರರು 15ರಿಂದ 30 ವರ್ಷದವರು. ಅಂದರೆ ನಾವು ಅಲ್ಲಿದ್ದರೆ ಪ್ರಥಮ ಪಿಯುಸಿಯಲ್ಲೇ ಮತ ಹಾಕುತ್ತಿದ್ದೆವು. ಸ್ಪರ್ಧಿಸಲು 18ರಿಂದ 24. ಬರಾಂಗಾಯ್ ಸಾಮಾನ್ಯ ನಿಧಿಯ ಶೇ. 10 ಈ ಮಂಡಳಿಗೆ ಮೀಸಲು. ಊರಿನ ಯುವ ಮಂಡಳಿಗಳ ಒಕ್ಕೂಟದ ಅಧ್ಯಕ್ಷರು ಮೇಯರ ಸಭೆಯಲ್ಲಿ ಸದಸ್ಯರಾಗಿ ಕೂರುತ್ತಾರೆ. ಹಿಂದೆ ಈ ಮಂಡಳಿಗಳು ರಾಜಕಾರಣಿಗಳ ಮಕ್ಕಳ ತಾಲೀಮು ಮನೆಯಾಗಿವೆ ಎಂದು ದೂರು ಬಂದು ಮುಚ್ಚುವ ಮಾತೂ ಆಗಿತ್ತು. ಮುಚ್ಚುವ ಬದಲು 2016ರಲ್ಲಿ ಕಾಯ್ದೆ ಬದಲಿಸಿದರು. ಅಧಿಕಾರದಲ್ಲಿರುವವರ ಹತ್ತಿರದ ರಕ್ತಸಂಬಂಧಿಗಳು ನಿಲ್ಲುವಂತಿಲ್ಲ ಎಂದು ಬರೆದರು. ದೊಡ್ಡವರು ತಮಗೆ ಮಾಡಿಕೊಳ್ಳದ ಕಾನೂನನ್ನು ಮಕ್ಕಳಿಗೆ ಮಾಡಿದರು ಎಂದು ನಗು ಬರುತ್ತದೆ, ಆದರೂ ಒಳ್ಳೆಯದೇ. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಮಂಡಳಿಯ ಖಜಾಂಚಿಯನ್ನು ನೇಮಿಸುವಾಗ ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ ಓದಿದವರನ್ನು ನೋಡಬೇಕು, ಅಂಥವರು ಸಿಗದಿದ್ದರೆ ನೇಮಕವಾದವರು ಲೆಕ್ಕ ಬರೆಯುವ ತರಬೇತಿ ಪಡೆಯಬೇಕು. ಬಲಂಗಿಗದ 13 ಬರಾಂಗಾಯ್‌ಗಳಲ್ಲಿ ಒಂದೊಂದರಲ್ಲೂ ಅಂಥ ಒಬ್ಬ ಖಜಾಂಚಿಯ ಜಾಗವಿದೆ.